ಹೃದಯಾಘಾತದ ನಂತರದ ವರ್ಷಗಳ ಲೆಕ್ಕ

ಹೃದಯಾಘಾತಕ್ಕೆ ಒಳಗಾದವರು ತುರ್ತು ನಿಗಾ ಘಟಕದಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಹೊರಡುವ ಹೊತ್ತಿಗೆ ಕುಟುಂಬದವರು ವೈದ್ಯರ ಮುಂದಿಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇನ್ನು ಮುಂದೆ ಭಯವಿಲ್ಲ ತಾನೆ? ಈ ಪ್ರಶ್ನೆಗೆ ವೈದ್ಯಶಾಸ್ತ್ರ ಸುಮಾರು ಅರವತ್ತು ವರ್ಷಗಳಿಂದ ಕ್ರಮಬದ್ಧವಾಗಿ ಉತ್ತರ ಹುಡುಕುತ್ತ ಬಂದಿದೆ. ಆ ಹುಡುಕಾಟದಲ್ಲಿ ಅದು ಸ್ಟೆತಸ್ಕೋಪಿನಲ್ಲಿ ಕೇಳಿದ ಸದ್ದನ್ನು, ಎಕೋ ಯಂತ್ರದ ತೆರೆಯ ಮೇಲೆ ಕಂಡ ಚಿತ್ರವನ್ನು, ರಕ್ತಪರೀಕ್ಷೆಯ ಅಂಕಿಗಳನ್ನು, ರೋಗಿಯ ವಯಸ್ಸನ್ನು, ಕೊನೆಗೆ ಅವರ ಮನೆಯ ಸ್ಥಿತಿಗತಿಯನ್ನೂ ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗಿದೆ. ಈಗಿನ ಲಕ್ಷಣಗಳನ್ನು ಆಧರಿಸಿ ರೋಗದ ಮುಂದಿನ ಗತಿಯನ್ನು ಹೇಳುವ ಈ ವಿದ್ಯೆಯನ್ನು ಮುನ್ನಂದಾಜು ಎಂದು ಕರೆಯಬಹುದು. ಗ್ರಹಣದ ವೇಳೆಯನ್ನು ಹೇಳುವ ಖಗೋಳ ಗಣಿತದ ಖಚಿತತೆ ಅದಕ್ಕಿಲ್ಲ. ಆದರೆ ಸಾವಿರಾರು ರೋಗಿಗಳ ಅನುಭವವನ್ನು ಲೆಕ್ಕಕ್ಕೆ ಇಳಿಸಿರುವುದರಿಂದ ಬರಿಯ ಊಹೆಗಿಂತ ಅದು ಬಹಳ ಮುಂದಿದೆ. ಅದರ ಬಲವೆಲ್ಲಿದೆ, ಮಿತಿಯೆಲ್ಲಿದೆ ಎಂಬುದನ್ನು ರೋಗಿಗಳೂ ಅವರ ಮನೆಯವರೂ ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಆ ಲೆಕ್ಕದ ಕೆಲವು ಅಂಕಿಗಳು ಅವರ ಕೈಯಲ್ಲೇ ಇವೆ.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ರಕ್ತನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಸೇರಿಕೊಂಡ ಕೊಬ್ಬಿನ ದಿಣ್ಣೆ ಒಂದು ದಿನ ಬಿರಿದು, ಆ ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡಾಗ, ಅದರಾಚೆಯ ಸ್ನಾಯು ಆಮ್ಲಜನಕವಿಲ್ಲದೆ ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ. ಅದರ ಜಾಗದಲ್ಲಿ ಸಂಕುಚಿಸಲಾರದ ಕಲೆಯ ಅಂಗಾಂಶ ಬೆಳೆಯುತ್ತದೆ. ಮುಂದಿನ ವರ್ಷಗಳ ಅಪಾಯ ಬಹುಮಟ್ಟಿಗೆ ಹುಟ್ಟುವುದು ಇಲ್ಲಿಂದ. ಉಳಿದ ಸ್ನಾಯುವಿನ ಮೇಲೆ ಭಾರ ಬಿದ್ದು ಹೃದಯ ಹಿಗ್ಗಿ ಪಂಪಿನ ಶಕ್ತಿ ಕುಂದಬಹುದು. ಕಲೆಯ ಅಂಚಿನಲ್ಲಿ ವಿದ್ಯುತ್ ಸಂಕೇತಗಳು ದಾರಿ ತಪ್ಪಿ ಸುತ್ತು ಹೊಡೆಯುತ್ತ ಹೃದಯದ ಲಯವನ್ನೇ ಕೆಡಿಸಬಹುದು. ಅಥವಾ ಬೇರೆ ರಕ್ತನಾಳದ ಇನ್ನೊಂದು ದಿಣ್ಣೆ ಬಿರಿಯಬಹುದು. ಈ ಮೂರರಲ್ಲಿ ಯಾವುದು, ಯಾರಿಗೆ, ಎಷ್ಟು ಬೇಗ ಎಂಬುದೇ ಮುನ್ನಂದಾಜಿನ ಇಡೀ ಸಮಸ್ಯೆ.

ಇದನ್ನು ಸರಳವಾಗಿ, ಬಹಳ ಕಾಲ ಬಾಳುವಂತೆ ಬಿಡಿಸಿದವರು ನ್ಯೂಯಾರ್ಕಿನ ಥಾಮಸ್ ಕಿಲಿಪ್ ಮತ್ತು ಜಾನ್ ಕಿಂಬಲ್. ಹೃದ್ರೋಗಿಗಳಿಗೆಂದೇ ಮೀಸಲಾದ ನಿಗಾ ಘಟಕಗಳು ಆಗಷ್ಟೇ ಆರಂಭವಾಗಿದ್ದ ಕಾಲದಲ್ಲಿ, ಅಂಥ ಒಂದು ಘಟಕದ 250 ರೋಗಿಗಳನ್ನು ಗಮನಿಸಿ 1967ರಲ್ಲಿ ಅವರು ಪ್ರಕಟಿಸಿದ ವರ್ಗೀಕರಣಕ್ಕೆ ಬೇಕಾಗಿದ್ದುದು ಸ್ಟೆತಸ್ಕೋಪು ಹಾಗೂ ರಕ್ತದೊತ್ತಡದ ಪಟ್ಟಿ ಮಾತ್ರ. ರೋಗಿಯನ್ನು ಎಬ್ಬಿಸಿ ಕೂರಿಸಿ, ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪು ಇಟ್ಟು, ದೀರ್ಘವಾಗಿ ಉಸಿರೆಳೆದುಕೊಳ್ಳುವಂತೆ ಹೇಳಿದಾಗ ಆರೋಗ್ಯವಂತ ಶ್ವಾಸಕೋಶದಲ್ಲಿ ಗಾಳಿ ಹೊಕ್ಕುವ ಮೆಲುದನಿಯಷ್ಟೇ ಕೇಳುತ್ತದೆ. ಹೃದಯ ಸೋತು ಅದರ ಹಿಂದೆ ರಕ್ತ ತಡೆದು ನಿಂತು ಶ್ವಾಸಕೋಶದೊಳಗೆ ನೀರು ಒಸರಿದ್ದರೆ, ಕಿವಿಯ ಪಕ್ಕದಲ್ಲಿ ಕೂದಲಿನ ಎಳೆಗಳನ್ನು ಬೆರಳುಗಳ ನಡುವೆ ಹೊಸೆದಾಗ ಬರುವಂಥ ಸಣ್ಣ ಚರಚರ ಸದ್ದು ಕೇಳಿಬರುತ್ತದೆ. ಈ ಸದ್ದು ಇಲ್ಲದವರು ಒಂದನೆಯ ವರ್ಗ, ಶ್ವಾಸಕೋಶದ ತಳದಲ್ಲಿ ಇರುವವರು ಎರಡನೆಯ ವರ್ಗ, ಶ್ವಾಸಕೋಶದ ತುಂಬ ನೀರು ತುಂಬಿದವರು ಮೂರನೆಯ ವರ್ಗ, ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾದವರು ನಾಲ್ಕನೆಯ ವರ್ಗ. ಈ ನಾಲ್ಕು ವರ್ಗಗಳಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರ ಪ್ರಮಾಣ ಕ್ರಮವಾಗಿ ಶೇ. 6, 17, 38 ಮತ್ತು 81 ಆಗಿತ್ತು. ಚಿಕಿತ್ಸೆ ಸುಧಾರಿಸಿ ಇಂದು ಈ ಪ್ರಮಾಣಗಳೆಲ್ಲ ತಗ್ಗಿವೆ. ಆದರೆ ಒಂದರಿಂದ ನಾಲ್ಕಕ್ಕೆ ಏರುವ ಮೆಟ್ಟಿಲುಗಳ ಕ್ರಮ ಮಾತ್ರ ಬದಲಾಗಿಲ್ಲ. ದುಬಾರಿ ಯಂತ್ರವಿಲ್ಲದ ಆಸ್ಪತ್ರೆಯಲ್ಲೂ ತರಬೇತಾದ ಒಂದು ಕಿವಿ ಇಷ್ಟನ್ನು ಹೇಳಬಲ್ಲದು ಎಂಬುದು ವೈದ್ಯಕೀಯ ಕಲಿಯುವ ಮಕ್ಕಳು ಮರೆಯಬಾರದ ಸಂಗತಿ.

ಆಸ್ಪತ್ರೆಯ ದಿನಗಳನ್ನು ದಾಟಿ ಬಂದವರ ಮುಂದಿನ ಗತಿಯನ್ನು ಅಳೆಯಲು ಇನ್ನೊಂದು ಅಳತೆಗೋಲು ಬೇಕಾಯಿತು. ಬಿಡುಗಡೆಯ ಹಾಳೆಯಲ್ಲಿ, ಅಂದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ, ಇ.ಎಫ್. ಎಂಬ ಎರಡಕ್ಷರದ ಎದುರು ಬರೆದಿರುವ ಶೇಕಡಾವಾರು ಅಂಕಿಯೇ ಅದು. ಹೃದಯದ ಎಡ ಕೆಳಕೋಣೆ ಪೂರ್ತಿ ಹಿಗ್ಗಿದಾಗ ಅದರಲ್ಲಿ 120 ಮಿಲಿಲೀಟರ್ ರಕ್ತ ತುಂಬಿ, ಒಂದು ಬಡಿತಕ್ಕೆ 72 ಮಿಲಿಲೀಟರ್ ಹೊರಹೋದರೆ ಇಜೆಕ್ಷನ್ ಫ್ರಾಕ್ಷನ್ ಎಂಬ ಈ ಅನುಪಾತ ಶೇ. 60 ಆಗುತ್ತದೆ. ಕಲೆಗಟ್ಟಿ ಹಿಗ್ಗಿದ ಹೃದಯದಲ್ಲಿ 180 ಮಿಲಿಲೀಟರ್ ತುಂಬಿ 54 ಮಿಲಿಲೀಟರ್ ಮಾತ್ರ ಹೊರಬಿದ್ದರೆ ಅದು ಶೇ. 30ಕ್ಕೆ ಇಳಿಯುತ್ತದೆ. ಹೃದಯಾಘಾತದಿಂದ ಪಾರಾದ 866 ಮಂದಿಯನ್ನು ಹಿಂಬಾಲಿಸಿ ಅಮೆರಿಕದ ಹಲವು ಕೇಂದ್ರಗಳ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಂಕಿ ಶೇ. 40ರ ಕೆಳಗೆ ಇಳಿಯುತ್ತ ಹೋದಂತೆ ಸಾವಿನ ಪ್ರಮಾಣ ಕಡಿದಾಗಿ ಏರುವುದನ್ನು ತೋರಿಸಿತು. ನಾಲ್ಕು ವರ್ಷಗಳ ನಂತರ ನ್ಯೂಜಿಲೆಂಡಿನ ಹಾರ್ವೆ ವೈಟ್ ಮತ್ತು ಸಂಗಡಿಗರು, ಬಡಿತದ ಕೊನೆಯಲ್ಲಿ ಕೋಣೆಯೊಳಗೆ ಉಳಿದುಬಿಡುವ ರಕ್ತದ ಪ್ರಮಾಣ ಇ.ಎಫ್.ಗಿಂತಲೂ ಚೆನ್ನಾಗಿ ಭವಿಷ್ಯವನ್ನು ಹೇಳುತ್ತದೆ ಎಂದು ತೋರಿಸಿದರು. ಹೃದಯ ಎಷ್ಟು ಹಿಗ್ಗಿದೆ ಎಂಬುದು ಅದು ಎಷ್ಟು ಒತ್ತುತ್ತದೆ ಎಂಬುದರಷ್ಟೇ ಮುಖ್ಯ ಎಂಬುದು ಆಗ ಮನದಟ್ಟಾಯಿತು.

ಆದರೆ ಬಿಡುಗಡೆಯ ಹಾಳೆಯ ಆ ಅಂಕಿಯನ್ನು ಕಲ್ಲಿನಲ್ಲಿ ಕೊರೆದ ಶಾಸನದಂತೆ ಓದುವುದು ತಪ್ಪು. ಎಕೋ ಪರೀಕ್ಷೆಯಲ್ಲಿ ತಂತ್ರಜ್ಞರು ತೆರೆಯ ಮೇಲಿನ ಬೂದುಬಣ್ಣದ ಚಿತ್ರದಲ್ಲಿ ಕೋಣೆಯ ಒಳ ಅಂಚನ್ನು ಗುರುತಿಸಿ ಗೆರೆ ಎಳೆಯುತ್ತಾರೆ. ಅಂಚು ಮಸುಕಾಗಿದ್ದರೆ ಗೆರೆ ತುಸು ಆಚೀಚೆ ಆಗುವುದು ಸಹಜ, ಹಾಗಾಗಿ ಒಬ್ಬರು 40 ಎಂದು ಬರೆದದ್ದನ್ನು ಇನ್ನೊಬ್ಬರು 45 ಎಂದು ಬರೆಯಬಹುದು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ರಕ್ತದ ಹರಿವು ನಿಂತು ಮತ್ತೆ ಬಂದ ಭಾಗದಲ್ಲಿ ಒಂದಷ್ಟು ಸ್ನಾಯು ಸಾಯದೆ, ಕೆಲಸವನ್ನೂ ಮಾಡದೆ, ಪೆಟ್ಟು ತಿಂದು ಮರಗಟ್ಟಿದಂತೆ ಕೆಲವು ವಾರ ಸುಮ್ಮನಿದ್ದು ಆಮೇಲೆ ಚೇತರಿಸಿಕೊಳ್ಳುತ್ತದೆ. ಮೂರನೆಯ ದಿನ ಶೇ. 33 ಇದ್ದ ಅಂಕಿ ಮೂರನೆಯ ತಿಂಗಳಿಗೆ 45ಕ್ಕೆ ಏರುವುದು ಅಪರೂಪವಲ್ಲ. ಲಯ ಕೆಟ್ಟಾಗ ತಾನಾಗಿ ವಿದ್ಯುತ್ ಆಘಾತ ನೀಡಿ ಸರಿಪಡಿಸುವ ಐಸಿಡಿ ಎಂಬ ಸಾಧನ ಈ ಮಾತಿಗೆ ಒಳ್ಳೆಯ ಉದಾಹರಣೆ. ಹಳೆಯ ಹೃದಯಾಘಾತವಿದ್ದು ಇ.ಎಫ್. ಶೇ. 30 ಅಥವಾ ಅದಕ್ಕಿಂತ ಕಡಿಮೆ ಇರುವ 1,232 ಮಂದಿಯ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಸಾಧನ ಸಾವಿನ ಪ್ರಮಾಣವನ್ನು ಶೇ. 19.8ರಿಂದ 14.2ಕ್ಕೆ ಇಳಿಸಿತು. ಅದೇ ಸಾಧನವನ್ನು ಹೃದಯಾಘಾತವಾದ 6ರಿಂದ 40 ದಿನಗಳೊಳಗೆ ಅಳವಡಿಸಿದ ಇನ್ನೊಂದು ಪ್ರಯೋಗ 2004ರಲ್ಲಿ ಬಂದಾಗ ಒಟ್ಟು ಸಾವಿನಲ್ಲಿ ಇಳಿಕೆಯೇನೂ ಕಾಣಲಿಲ್ಲ. ಐಸಿಡಿಯ ತೀರ್ಮಾನಕ್ಕೆ ಕನಿಷ್ಠ 40 ದಿನ ಕಾದು, ಎಕೋ ಮತ್ತೆ ಮಾಡಿಸಿ ನೋಡಬೇಕು ಎಂಬ ಇಂದಿನ ನಿಯಮ ಬಂದದ್ದು ಹೀಗೆ.

ಮುನ್ನಂದಾಜಿನ ಇತಿಹಾಸದಲ್ಲಿ ಅತ್ಯಂತ ನೋವಿನ, ಅತ್ಯಂತ ದೊಡ್ಡ ಪಾಠವೂ ಲಯಕ್ಕೆ ಸಂಬಂಧಿಸಿದ್ದೇ. ಹೃದಯಾಘಾತದ ನಂತರ ನಡುನಡುವೆ ಅಕಾಲದಲ್ಲಿ ಬೀಳುವ ಹೆಚ್ಚುವರಿ ಬಡಿತಗಳು ಜಾಸ್ತಿ ಇರುವವರು ಸಾಯುವ ಸಂಭವ ಹೆಚ್ಚು ಎಂಬುದನ್ನು 1983ರ ಅದೇ ಅಧ್ಯಯನವೂ ಕಂಡಿತ್ತು. ಹಾಗಾದರೆ ಆ ಬಡಿತಗಳನ್ನು ಔಷಧದಿಂದ ಅಡಗಿಸಿದರೆ ಸಾವೂ ದೂರವಾಗುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ತರ್ಕ. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಆ ಬಡಿತಗಳನ್ನು ಸೊಗಸಾಗಿ ಅಡಗಿಸುತ್ತಿದ್ದವು, ವೈದ್ಯರು ಅವನ್ನು ನಂಬಿಕೆಯಿಂದಲೇ ಬರೆಯುತ್ತಿದ್ದರು. ಈ ತರ್ಕವನ್ನು ಪರೀಕ್ಷಿಸಲು ಅಮೆರಿಕದಲ್ಲಿ ನಡೆದ ಕಾಸ್ಟ್ ಎಂಬ ಪ್ರಯೋಗದಲ್ಲಿ, ಔಷಧದಿಂದ ಬಡಿತ ಅಡಗುತ್ತದೆಂದು ಮೊದಲೇ ಖಾತರಿಯಾಗಿದ್ದ 1,498 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಮಾತ್ರೆಯನ್ನೂ ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಡಲಾಯಿತು. ಸರಾಸರಿ ಹತ್ತು ತಿಂಗಳಲ್ಲಿ ಹುಸಿ ಮಾತ್ರೆಯ ಗುಂಪಿನಲ್ಲಿ 26 ಮಂದಿ ತೀರಿಕೊಂಡಿದ್ದರೆ ನಿಜವಾದ ಔಷಧದ ಗುಂಪಿನಲ್ಲಿ 63 ಮಂದಿ ತೀರಿಕೊಂಡಿದ್ದರು. ಪ್ರಯೋಗದ ಈ ಭಾಗವನ್ನು 1989ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಪಾಯದ ಗುರುತು ಬೇರೆ, ಅಪಾಯದ ಕಾರಣ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಸಾರಿದ ಘಟನೆ ಆಧುನಿಕ ವೈದ್ಯಕೀಯದಲ್ಲಿ ಬೇರೊಂದಿಲ್ಲ. ಹೊಗೆಯನ್ನು ಚದುರಿಸಿದ ಮಾತ್ರಕ್ಕೆ ಬೆಂಕಿ ಆರುವುದಿಲ್ಲ. ಚದುರಿಸಲು ಬೀಸಿದ ಗಾಳಿಯೇ ಬೆಂಕಿಯನ್ನು ಹೆಚ್ಚಿಸಲೂಬಹುದು.

ಒಂದೇ ಗುರುತನ್ನು ನೆಚ್ಚಿಕೊಳ್ಳುವ ಬದಲು ಹಲವನ್ನು ಕೂಡಿಸಿ ಒಟ್ಟು ಅಂಕ ಕೊಡುವ ಪದ್ಧತಿಯ ಬೇರು ಹಳೆಯದು. ನ್ಯೂಜಿಲೆಂಡಿನ ರಾಬಿನ್ ನಾರಿಸ್ ಅಂಥದೊಂದು ಸೂಚ್ಯಂಕವನ್ನು 1969ರಲ್ಲೇ ರೂಪಿಸಿದ್ದರು. ಇಂದು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಗ್ರೇಸ್ ಸ್ಕೋರ್, 1999ರಲ್ಲಿ ಆರಂಭವಾಗಿ 14 ದೇಶಗಳ ಆಸ್ಪತ್ರೆಗಳಿಂದ ಮಾಹಿತಿ ಕಲೆಹಾಕಿದ ಒಂದು ಬೃಹತ್ ನೋಂದಣಿಯ ಫಲ. ರೋಗಿ ಆಸ್ಪತ್ರೆಗೆ ಬಂದಾಗಿನ ವಯಸ್ಸು, ನಾಡಿಬಡಿತ, ರಕ್ತದೊತ್ತಡ, ರಕ್ತದಲ್ಲಿನ ಕ್ರಿಯಾಟಿನಿನ್, ಮೇಲೆ ಹೇಳಿದ ಕಿಲಿಪ್ ವರ್ಗ, ಬರುವಾಗಲೇ ಹೃದಯ ನಿಂತಿತ್ತೇ ಎಂಬುದು, ಇಸಿಜಿಯಲ್ಲಿ ಎಸ್‌ಟಿ ರೇಖೆಯ ಏರಿಳಿತ ಹಾಗೂ ಹೃದಯದ ಸ್ನಾಯು ಘಾಸಿಗೊಂಡದ್ದನ್ನು ತೋರುವ ರಕ್ತದ ಅಂಶಗಳು, ಹೀಗೆ ಎಂಟು ಸಂಗತಿಗಳಿಗೆ ಅದು ಅಂಕ ಹಂಚುತ್ತದೆ. ಆರಂಭದಲ್ಲಿ ಆಸ್ಪತ್ರೆಯ ದಿನಗಳಿಗೂ ಆರು ತಿಂಗಳಿಗೂ ಸೀಮಿತವಾಗಿದ್ದ ಈ ಲೆಕ್ಕವನ್ನು 2014ರ ಪರಿಷ್ಕರಣೆ ಮೂರು ವರ್ಷಗಳವರೆಗೆ ಚಾಚಿತು. ಹೃದಯದ ಕಾಯಿಲೆಯ ಪಟ್ಟಿಯಲ್ಲಿ ಮೂತ್ರಪಿಂಡದ ಕೆಲಸವನ್ನು ಹೇಳುವ ಕ್ರಿಯಾಟಿನಿನ್ ಏಕಿದೆ ಎಂದು ಓದುಗರಿಗೆ ಅನಿಸಬಹುದು. ಮೂತ್ರಪಿಂಡ ದೇಹದ ಸೂಕ್ಷ್ಮ ರಕ್ತನಾಳಗಳ ದಟ್ಟವಾದ ಗಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ವಯಸ್ಸು ದೇಹದ ನಾಳಗಳಿಗೆಲ್ಲ ಮಾಡಿದ ಹಾನಿಯ ಮೊತ್ತ ಅಲ್ಲಿ ಮೊದಲು ಲೆಕ್ಕಕ್ಕೆ ಸಿಗುತ್ತದೆ, ಜೊತೆಗೆ ಹೃದಯ ಸೋತಾಗ ರಕ್ತದ ಕೊರತೆಯಿಂದ ಬೇಗ ತೊಳಲುವ ಅಂಗವೂ ಅದೇ.

ಇಂಥ ಸ್ಕೋರ್ ಒಳ್ಳೆಯದೋ ಅಲ್ಲವೋ ಎಂದು ನಿರ್ಧರಿಸಲು ಎರಡು ಬೇರೆಬೇರೆ ಪರೀಕ್ಷೆಗಳಿವೆ. ತೀರಿಕೊಂಡ ಒಬ್ಬರನ್ನೂ ಬದುಕುಳಿದ ಒಬ್ಬರನ್ನೂ ಜೋಡಿಯಾಗಿ ತೆಗೆದುಕೊಂಡಾಗ, ತೀರಿಕೊಂಡವರಿಗೇ ಹೆಚ್ಚಿನ ಅಂಕ ಕೊಟ್ಟಿರುವ ಜೋಡಿಗಳು ನೂರಕ್ಕೆ ಎಷ್ಟು ಎಂದು ಎಣಿಸುವುದು ಮೊದಲನೆಯದು. ಐವತ್ತು ಬಂದರೆ ನಾಣ್ಯ ಚಿಮ್ಮಿದಂತೆ, ಎಂಬತ್ತರ ಆಸುಪಾಸು ಬಂದರೆ ಕೆಲಸಕ್ಕೆ ಬರುವಂಥದ್ದು. ಇದು ಸ್ಕೋರಿನ ವಿಂಗಡಿಸುವ ಶಕ್ತಿ. ಎರಡನೆಯದು, ಶೇ. 10 ಅಪಾಯವಿದೆ ಎಂದು ಅದು ಹೇಳಿದ ನೂರು ಮಂದಿಯಲ್ಲಿ ನಿಜಕ್ಕೂ ಹತ್ತರಷ್ಟು ಮಂದಿಗೆ ಹಾಗಾಯಿತೇ ಎಂದು ನೋಡುವ, ತಕ್ಕಡಿ ಸರಿಯಾಗಿದೆಯೇ ಎಂಬ ಪರೀಕ್ಷೆ. ಒಂದು ಸ್ಕೋರು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲಬಹುದು. ಯುರೋಪಿನಲ್ಲಿ ಇಪ್ಪತ್ತು ವರ್ಷ ಹಿಂದೆ ಮಾಡಿದ ತಕ್ಕಡಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಗೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಎಲ್ಲರಿಗೂ ದೊರೆಯುವ ಇಂದಿನ ಊರಿನಲ್ಲಿ ಅಪಾಯವನ್ನು ಹಿಗ್ಗಿಸಿ ತೋರಿಸಬಹುದು. ಅದೇ ತಕ್ಕಡಿ, ಹೆಪ್ಪು ಕರಗಿಸುವ ಚುಚ್ಚುಮದ್ದೂ ಸಿಗದ ಊರಿನಲ್ಲಿ ಕುಗ್ಗಿಸಿ ತೋರಿಸಬಹುದು. ಯಾರು ಯಾರಿಗಿಂತ ಹೆಚ್ಚು ಅಪಾಯದಲ್ಲಿದ್ದಾರೆ ಎಂಬುದು ಊರೂರಿಗೆ ಅಷ್ಟಾಗಿ ಬದಲಾಗದು. ಎಷ್ಟು ಅಪಾಯ ಎಂಬುದು ಖಂಡಿತ ಬದಲಾಗುತ್ತದೆ.

ಶೇ. 10 ಎಂಬ ಮಾತಿನ ಅರ್ಥವೇನು ಎಂಬುದರಲ್ಲೂ ದೊಡ್ಡ ಗೊಂದಲವಿದೆ. ಅದು ಒಬ್ಬರ ಹಣೆಬರಹವಲ್ಲ, ಅವರಂಥ ನೂರು ಮಂದಿಯ ಲೆಕ್ಕ. ಆ ನೂರರೊಳಗೆ ಒಬ್ಬೊಬ್ಬರನ್ನೂ ಬೇರ್ಪಡಿಸಿ ಇನ್ನಷ್ಟು ಖಚಿತವಾಗಿ ಹೇಳೋಣವೆಂದು ಸಣ್ಣಸಣ್ಣ ಗುಂಪುಗಳಾಗಿ ಒಡೆಯುತ್ತ ಹೋದರೆ ಏನಾಗುತ್ತದೆಂಬುದನ್ನು 1988ರ ಐಸಿಸ್-2 ಪ್ರಯೋಗದ ಸಂಶೋಧಕರು ಮರೆಯಲಾಗದಂತೆ ತೋರಿಸಿದರು. ಹೃದಯಾಘಾತದ ಶಂಕೆಯಿದ್ದ 17,187 ಮಂದಿಯ ಮೇಲೆ ನಡೆದ ಆ ಪ್ರಯೋಗದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆಂಬುದು ನಿಸ್ಸಂದೇಹವಾಗಿ ಸಾಬೀತಾಗಿತ್ತು. ಅದೇ ರೋಗಿಗಳನ್ನು ಪಾಶ್ಚಾತ್ಯ ಪದ್ಧತಿಯ ಜನ್ಮರಾಶಿಗಳ ಪ್ರಕಾರ ವಿಂಗಡಿಸಿ ನೋಡಿದಾಗ, ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಪ್ರಯೋಜನವಿಲ್ಲ, ತುಸು ಕೆಡುಕೇ ಆಗುತ್ತದೆ ಎಂಬಂಥ ಫಲಿತಾಂಶ ಬಂತು. ಅದನ್ನು ಅವರು ಪ್ರಬಂಧದಲ್ಲಿ ಸೇರಿಸಿದ್ದು ರಾಶಿಫಲವನ್ನು ನಂಬಿ ಅಲ್ಲ. ಸಾಕಷ್ಟು ಬಾರಿ ಒಡೆದು ನೋಡಿದರೆ ಅಂಕಿಅಂಶ ಯಾವ ಸುಳ್ಳನ್ನಾದರೂ ನುಡಿಯುತ್ತದೆ ಎಂದು ಎಚ್ಚರಿಸಲು. ಯಾವುದೋ ಒಂದು ಹೊಸ ರಕ್ತಪರೀಕ್ಷೆ ಅಥವಾ ವಂಶವಾಹಿ ಪರೀಕ್ಷೆ ಒಬ್ಬೊಬ್ಬರ ಭವಿಷ್ಯವನ್ನೂ ಹೇಳಬಲ್ಲದೆಂಬ ಜಾಹೀರಾತು ಕಣ್ಣಿಗೆ ಬಿದ್ದಾಗಲೆಲ್ಲ ಈ ಮಿಥುನ, ತುಲಾ ರಾಶಿಗಳನ್ನು ನೆನೆಯುವುದು ಒಳ್ಳೆಯದು.

ದೀರ್ಘಾವಧಿಯ ಲೆಕ್ಕ ಅಲ್ಪಾವಧಿಯ ಲೆಕ್ಕದ ಮುಂದುವರಿಕೆ ಮಾತ್ರವಲ್ಲ. ಮೊದಲ ವಾರಗಳ ಗತಿಯನ್ನು ನಿರ್ಧರಿಸುವುದು ಸತ್ತ ಸ್ನಾಯುವಿನ ಪ್ರಮಾಣ, ರಕ್ತದೊತ್ತಡದ ಕುಸಿತ, ನಾಡಿಯ ವೇಗ; ವರ್ಷಗಳು ಉರುಳಿದಂತೆ ಇವು ಹಿಂದೆ ಸರಿದು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೌರ್ಬಲ್ಯ, ಧೂಮಪಾನ, ಕಾಲಿನ ಅಥವಾ ಮೆದುಳಿನ ರಕ್ತನಾಳಗಳಲ್ಲೂ ಇರುವ ಕಾಯಿಲೆ ಮುಂದೆ ಬರುತ್ತವೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಹುಟ್ಟಿದ ಸ್ಮಾರ್ಟ್ ಎಂಬ ಲೆಕ್ಕ ಹತ್ತು ವರ್ಷಗಳ ಅಪಾಯವನ್ನು ಅಂದಾಜಿಸುವುದು ಇಂಥ ಸಂಗತಿಗಳಿಂದಲೇ. ಮೊದಲ ವರ್ಷ ದಾಟಿದರೆ ಗಂಡಾಂತರ ಕಳೆಯಿತು ಎಂಬ ಜನಜನಿತ ನಂಬಿಕೆಯನ್ನು ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳು ಅಲುಗಾಡಿಸಿವೆ. 2006ರಿಂದ 2011ರವರೆಗೆ ಹೃದಯಾಘಾತವಾಗಿ ಜೀವಂತ ಮನೆಗೆ ಮರಳಿದ 97,254 ಮಂದಿಯಲ್ಲಿ, ಮೊದಲ ವರ್ಷದೊಳಗೆ ಮತ್ತೊಂದು ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾವು ಕಂಡವರು ಶೇ. 18.3. ಆ ಒಂದು ವರ್ಷವನ್ನು ನಿರಾತಂಕವಾಗಿ ಕಳೆದವರಲ್ಲೂ ಮುಂದಿನ ಮೂರು ವರ್ಷಗಳಲ್ಲಿ ಐವರಲ್ಲಿ ಒಬ್ಬರಿಗೆ ಇವುಗಳಲ್ಲಿ ಒಂದು ಸಂಭವಿಸಿತು. ಅಪಾಯದ ವೇಗ ಕಡಿಮೆಯಾಗುತ್ತದೆ, ಆದರೆ ಅದು ನಿಲ್ಲುವುದಿಲ್ಲ.

ಗ್ರೇಸ್ ನೋಂದಣಿಯ ಆ 14 ದೇಶಗಳಲ್ಲಿ ಭಾರತ ಇರಲಿಲ್ಲ. ನಮ್ಮ ದೇಶದ ಚಿತ್ರವನ್ನು ದೊಡ್ಡ ಪ್ರಮಾಣದಲ್ಲಿ ಬಿಡಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ ಸಂಸ್ಥೆಯ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 50 ನಗರಗಳ 89 ಆಸ್ಪತ್ರೆಗಳಿಂದ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ನೋಂದಣಿ. ಖಚಿತ ರೋಗನಿರ್ಣಯವಾದ 20,468 ರೋಗಿಗಳ ಸರಾಸರಿ ವಯಸ್ಸು 57.5 ವರ್ಷ. ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಕಾಣುವ, ಇಸಿಜಿಯಲ್ಲಿ ಎಸ್‌ಟಿ ರೇಖೆ ಮೇಲೇರುವ ಬಗೆಯ ಹೃದಯಾಘಾತ ಶೇ. 60.6 ಮಂದಿಗಿತ್ತು, ಅವರಲ್ಲಿ ಶೇ. 8.6 ಮಂದಿ ಮೂವತ್ತು ದಿನಗಳೊಳಗೆ ತೀರಿಕೊಂಡರು. ನೋವು ಆರಂಭವಾದಾಗಿನಿಂದ ಆಸ್ಪತ್ರೆಯ ಬಾಗಿಲು ಮುಟ್ಟಲು ತಗುಲಿದ ಮಧ್ಯಕ ಅವಧಿ 360 ನಿಮಿಷ, ಅಂದರೆ ಅರ್ಧದಷ್ಟು ಮಂದಿ ಆರು ಗಂಟೆಗಳಿಗೂ ತಡವಾಗಿ ಬಂದವರು. ಸ್ನಾಯು ನಿಮಿಷ ನಿಮಿಷಕ್ಕೂ ಸಾಯುವ ಕಾಯಿಲೆಯಲ್ಲಿ ಆರು ಗಂಟೆ ಎಂಬುದು ಮುಂದಿನ ವರ್ಷಗಳ ಆಯುಷ್ಯವನ್ನು ತಿಂದುಹಾಕಬಲ್ಲ ಅವಧಿ. ಬಾಗಿಲು ಮುಟ್ಟಿದ ಮೇಲೆ ಹೆಪ್ಪು ಕರಗಿಸುವ ಔಷಧ ಕೊಡಲು ಹಿಡಿದದ್ದು 50 ನಿಮಿಷ ಮಾತ್ರ. ತಡ ಆಗುತ್ತಿದ್ದುದು ಮನೆಯಲ್ಲಿ, ದಾರಿಯಲ್ಲಿ, ಗ್ಯಾಸ್ಟ್ರಿಕ್ ಇರಬಹುದೆಂಬ ಸಮಾಧಾನದಲ್ಲಿ.

ಅದೇ ಅಧ್ಯಯನದ ಇನ್ನೊಂದು ಕೋಷ್ಟಕವನ್ನು ಆರೋಗ್ಯ ಇಲಾಖೆಯ ಪ್ರತಿ ಕಚೇರಿಯಲ್ಲೂ ತೂಗುಹಾಕಬೇಕು. ಬಡವರಲ್ಲಿ ಮೂವತ್ತು ದಿನಗಳ ಸಾವಿನ ಪ್ರಮಾಣ ಶೇ. 8.2 ಇದ್ದರೆ ಸಿರಿವಂತರಲ್ಲಿ 5.5 ಇತ್ತು. ಬಲೂನಿನಿಂದ ರಕ್ತನಾಳ ತೆರೆಯುವ ಚಿಕಿತ್ಸೆ ಸಿರಿವಂತರಲ್ಲಿ ಶೇ. 15.3 ಮಂದಿಗೆ ದೊರೆತಿದ್ದರೆ ಬಡವರಲ್ಲಿ ಶೇ. 2 ಮಂದಿಗೆ ಮಾತ್ರ. ಕೊಲೆಸ್ಟರಾಲ್ ಇಳಿಸುವ ಮಾತ್ರೆ ಅಲ್ಲಿ ಶೇ. 61.2, ಇಲ್ಲಿ 36. ಬಡವರ ದೇಹಸ್ಥಿತಿ, ವಯಸ್ಸು, ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದು ತಾಳೆ ನೋಡಿದಾಗ ಸಾವಿನ ಈ ಅಂತರ ಹಾಗೆಯೇ ಉಳಿಯಿತು. ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಹಿಡಿದು ತಾಳೆ ನೋಡಿದಾಗ ಅಂತರ ಮಾಯವಾಯಿತು. ಬಡವರ ಮುನ್ನಂದಾಜನ್ನು ಕೆಡಿಸಿದ್ದು ಅವರ ಹೃದಯವಲ್ಲ, ಅವರಿಗೆ ಸಿಗದೇ ಹೋದ ಚಿಕಿತ್ಸೆ. ಗ್ರೇಸ್ ಸ್ಕೋರಿನ ಎಂಟು ಸಂಗತಿಗಳಲ್ಲಿ ಇದಕ್ಕೆ ಜಾಗವೇ ಇಲ್ಲ.

ಮನೆಗೆ ಮರಳಿದ ನಂತರದ ಕಥೆ ಇನ್ನೂ ಕಳವಳಕಾರಿಯಾಗಿದೆ. ಬೆಂಗಳೂರಿನ ಅದೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ನೇತೃತ್ವದ ಪ್ಯೂರ್ ಅಧ್ಯಯನ, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ವರ್ಷಗಳು ಕಳೆದವರನ್ನು ಅವರವರ ಊರುಗಳಲ್ಲೇ ಮಾತಾಡಿಸಿ, ಆಸ್ಪಿರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಬೀಟಾ ಬ್ಲಾಕರ್, ರಕ್ತದೊತ್ತಡದ ಮಾತ್ರೆ, ಸ್ಟ್ಯಾಟಿನ್ ಇವುಗಳಲ್ಲಿ ಏನನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿತು. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಸಿರಿವಂತ ದೇಶಗಳಲ್ಲಿ ಯಾವ ಮಾತ್ರೆಯನ್ನೂ ತೆಗೆದುಕೊಳ್ಳದವರು ಶೇ. 11.2, ಭಾರತವೂ ಸೇರಿದ್ದ ಕಡಿಮೆ ವರಮಾನದ ದೇಶಗಳ ಗುಂಪಿನಲ್ಲಿ ಶೇ. 80.2. ಈ ಮಾತ್ರೆಗಳಲ್ಲಿ ಹಲವು ಹಳೆಯವು, ಅಗ್ಗದವು. ಎದೆನೋವು ಇಲ್ಲವಾದ ಮೇಲೆ ಮಾತ್ರೆ ಏಕೆ ಎಂಬ ಭಾವನೆ, ಪಟ್ಟಣಕ್ಕೆ ಹೋಗಿಬರುವ ಬಸ್ಸಿನ ಖರ್ಚು, ದಿನಗೂಲಿ ತಪ್ಪುವ ಭಯ, ಹಳೆಯ ಚೀಟಿ ಕಳೆದುಹೋದದ್ದು ಇವೆಲ್ಲ ಸೇರಿ ಆ ಎಂಬತ್ತು ಆಗಿರಬೇಕು. ಮೂರು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಟ್ಟ, 2022ರಲ್ಲಿ ಯುರೋಪಿನಿಂದ ಬಂದ ಸೆಕ್ಯೂರ್ ಪ್ರಯೋಗದಲ್ಲಿ ಹೃದಯಾಘಾತದ ನಂತರದ ಗಂಭೀರ ಘಟನೆಗಳು ಶೇ. 12.7ರಿಂದ 9.5ಕ್ಕೆ ಇಳಿದವು. ಮಾತ್ರೆ ನುಂಗುವುದನ್ನು ಸುಲಭ ಮಾಡಿದರೆ ಅಪಾಯದ ಲೆಕ್ಕವೇ ಬದಲಾಗುತ್ತದೆ.

ದೇಹದ ಅಳತೆಗಳಿಗೆ ಸಿಗದ ಸಂಗತಿಗಳೂ ಈ ಲೆಕ್ಕದಲ್ಲಿವೆ. ಹೃದಯಾಘಾತದಿಂದ ಪಾರಾದ 2,320 ಪುರುಷರನ್ನು ಗಮನಿಸಿ 1984ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬದುಕಿನ ಒತ್ತಡ ಹೆಚ್ಚಿದ್ದು ಜನಸಂಪರ್ಕವೂ ಇಲ್ಲದೆ ಒಂಟಿಯಾಗಿದ್ದವರ ಸಾವಿನ ಅಪಾಯ ಒತ್ತಡವೂ ಒಂಟಿತನವೂ ಕಡಿಮೆ ಇದ್ದವರದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಮಾಂಟ್ರಿಯಲ್‌ನ ನ್ಯಾನ್ಸಿ ಫ್ರಾಸ್ಯೂರ್-ಸ್ಮಿತ್ ಮತ್ತು ಸಂಗಡಿಗರು 1993ರಲ್ಲಿ, ಖಿನ್ನತೆಗೆ ಜಾರಿದವರು ಆರು ತಿಂಗಳಲ್ಲಿ ಸಾಯುವ ಸಂಭವ ಬಹಳ ಹೆಚ್ಚೆಂದು ಕಂಡರು. ಖಿನ್ನತೆಗೆ ಚಿಕಿತ್ಸೆ ನೀಡಿದರೆ ಸಾವು ಇಳಿಯುತ್ತದೆಯೇ ಎಂದು ನೋಡಿದ, 2003ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಖಿನ್ನತೆ ತುಸು ತಗ್ಗಿತು, ಸಾವು ತಗ್ಗಲಿಲ್ಲ. ಕಾಸ್ಟ್ ಕಲಿಸಿದ ಪಾಠ ಇಲ್ಲಿಯೂ ಬೇರೆ ರೂಪದಲ್ಲಿ ಮರಳಿತು. ಹಾಗೆಂದು ಬದುಕಿನ ಉತ್ಸಾಹವನ್ನು ಮರಳಿ ಕೊಡುವ ಚಿಕಿತ್ಸೆ ವ್ಯರ್ಥವೆನ್ನಲಾಗದು. ಆಯುಷ್ಯದ ಉದ್ದವೊಂದೇ ರೋಗಿಗೆ ಬೇಕಾದ ಫಲವಲ್ಲ.

ಗಣಕಯಂತ್ರಗಳು ತಾವಾಗಿ ಕಲಿಯುವ ಹೊಸ ವಿಧಾನಗಳಿಂದ ಈ ವಿದ್ಯೆ ಪೂರ್ತಿ ಬದಲಾಗುತ್ತದೆ ಎಂಬ ನಿರೀಕ್ಷೆ ಈಚೆಗೆ ದಟ್ಟವಾಗಿದೆ. ಅಮೆರಿಕದ 7,55,402 ಹೃದಯಾಘಾತ ರೋಗಿಗಳ ದಾಖಲೆಗಳ ಮೇಲೆ ಇಂಥ ವಿಧಾನಗಳನ್ನು ಹಳೆಯ ಅಂಕಿಅಂಶ ಪದ್ಧತಿಯೊಂದಿಗೆ ಹೋಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ, ಆಸ್ಪತ್ರೆಯೊಳಗಿನ ಸಾವನ್ನು ಮುಂಗಾಣುವುದರಲ್ಲಿ ಹೇಳಿಕೊಳ್ಳುವಂಥ ಮೇಲುಗೈಯನ್ನು ಕಾಣಲಿಲ್ಲ. ಯಂತ್ರದ ಜಾಣ್ಮೆಗಿಂತ ಅದಕ್ಕೆ ಉಣಿಸುವ ಮಾಹಿತಿ ದೊಡ್ಡದು. ಮಾತ್ರೆ ನಿಲ್ಲಿಸಿದ ದಿನ ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇಲ್ಲದಿದ್ದರೆ ಯಂತ್ರ ಅದನ್ನು ಕಲಿಯುವುದಾದರೂ ಹೇಗೆ?

ಸ್ಕೋರುಗಳ ಬಳಕೆಯಲ್ಲಿ ಕಂಡುಬಂದಿರುವ ಒಂದು ವಿಪರ್ಯಾಸವನ್ನು ಹೇಳದೆ ಈ ಚರ್ಚೆ ಪೂರ್ಣವಾಗದು. ಕೆನಡಾದ ಒಂಟಾರಿಯೋ ಪ್ರಾಂತ್ಯದ ವಯೋವೃದ್ಧ ರೋಗಿಗಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನ, ಅಪಾಯ ಏರಿದಂತೆಲ್ಲ ಸ್ಟ್ಯಾಟಿನ್ ಬರೆದುಕೊಡುವ ಸಾಧ್ಯತೆ ಇಳಿಯುತ್ತ ಹೋಗುವುದನ್ನು ತೋರಿಸಿತು. ಹೆಚ್ಚು ಲಾಭ ಪಡೆಯಬಹುದಾದವರಿಗೇ ಕಡಿಮೆ ಚಿಕಿತ್ಸೆ. ವಯಸ್ಸಾಗಿದೆ, ಮೂತ್ರಪಿಂಡ ಸರಿಯಿಲ್ಲ, ಇನ್ನು ಮಾಡುವುದೇನು ಎಂಬ ಮನೋಭಾವ ವೈದ್ಯರಲ್ಲೂ ಮನೆಯವರಲ್ಲೂ ಇರುವಷ್ಟು ಕಾಲ ಹೆಚ್ಚಿನ ಅಂಕವು ಕೈಚೆಲ್ಲಲು ನೆಪವಾಗುತ್ತದೆ. ಅಪಾಯದ ಅಂಕ ಇರುವುದು ಕೈಚೆಲ್ಲಲು ಅಲ್ಲ, ಎಲ್ಲಿ ಹೆಚ್ಚು ಕೈಹಾಕಬೇಕೆಂದು ತೋರಿಸಲು. ಶೇ. 20 ಎಂದು ಅಂದಾಜಿಸಿದ ಅಪಾಯ ಚಿಕಿತ್ಸೆಯಿಂದ 12ಕ್ಕೆ ಇಳಿದರೆ ಅಂದಾಜು ಸುಳ್ಳಾಯಿತೆಂದು ಯಾರೂ ದುಃಖಿಸಬೇಕಿಲ್ಲ.

ಹಾಗೆ ಸುಳ್ಳಾಗಿಸುವ ಉಪಾಯಗಳು ಗೊತ್ತಿರುವಂಥವೇ. ಕರೋನರಿ ರಕ್ತನಾಳಗಳ ಕಾಯಿಲೆಯಿದ್ದು ಧೂಮಪಾನ ಬಿಟ್ಟವರ ಸಾವಿನ ಪ್ರಮಾಣ ಬಿಡದವರಿಗಿಂತ ಶೇ. 36ರಷ್ಟು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2003ರ ವಿಮರ್ಶೆ ಕಂಡುಕೊಂಡಿದೆ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರು ದೂರದಿಂದಲೇ ನೋಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ವ್ಯವಸ್ಥೆಯಿದೆ. ಆರು ಗಂಟೆಗಳ ಆ ವಿಳಂಬವನ್ನು ಕಡಿತಗೊಳಿಸಲು ಇದು ಸರಿಯಾದ ಹೆಜ್ಜೆ. ಅದೇ ತಾಲ್ಲೂಕು ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯಲ್ಲಿ ಆರನೆಯ ತಿಂಗಳು, ಹನ್ನೆರಡನೆಯ ತಿಂಗಳು ಆ ರೋಗಿ ಮಾತ್ರೆ ಪಡೆಯಲು ಬಂದರೇ ಇಲ್ಲವೇ ಎಂಬುದನ್ನೂ ಬರೆದಿಟ್ಟು, ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸುವಂತಾದರೆ ಈ ನಾಡಿಗೆ ಒಪ್ಪುವ ಮುನ್ನಂದಾಜಿನ ಲೆಕ್ಕವೂ ಸಿದ್ಧವಾಗುತ್ತದೆ, ಆ ಲೆಕ್ಕ ಬದಲಾಗುವ ದಾರಿಯೂ ತೆರೆಯುತ್ತದೆ.

ಅಲ್ಲಿಯವರೆಗೆ ಈ ಕೆಲಸ ಮನೆಯವರದು. ಹೃದಯಾಘಾತವಾದವರು ಮನೆಯಲ್ಲಿದ್ದರೆ ಬಿಡುಗಡೆಯ ಹಾಳೆಯನ್ನು ಜೋಪಾನವಾಗಿಟ್ಟು, ಅದರಲ್ಲಿರುವ ಇ.ಎಫ್. ಅಂಕಿಯನ್ನು ಗುರುತು ಮಾಡಿಕೊಳ್ಳಿ. ಎಕೋ ಮತ್ತೆ ಯಾವಾಗ ಮಾಡಿಸಬೇಕೆಂದು ವೈದ್ಯರನ್ನು ಕೇಳಿ. ಮಾತ್ರೆಯ ಪಟ್ಟಿ ಮುಗಿಯುವ ಮೊದಲೇ ಹೊಸದನ್ನು ತಂದಿಡಿ, ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.